ಯಾರಿಗೆ ಎಂತ ಆಗುವುದಿಲ್ಲ?

ಕೇಕು ಮಾಡಿಕೊಡಿ ಎಂದು ಹೇಳಲು ಬಂದವರನ್ನು ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ. ಎಷ್ಟು ದೊಡ್ಡದು ಬೇಕು, ಯಾವತ್ತಿಗೆ ಬೇಕು ಎಂಬುದೆಲ್ಲ ಆಮೇಲೆ. ಮೊದಲು ಇದು: "ಬರುವ ನೆಂಟರಲ್ಲಿ ಯಾರಿಗೆ ಎಂತ ಆಗುವುದಿಲ್ಲ, ಹೇಳಿ."

ನಮ್ಮ ಮಂಗಳೂರಿನಲ್ಲಿ ಈ 'ಆಗುವುದಿಲ್ಲ' ಎಂಬ ಮಾತಿನೊಳಗೆ ಏನು ಬೇಕಾದರೂ ಹಿಡಿಸುತ್ತದೆ. ಕೆಲವರಿಗೆ ಮೊಟ್ಟೆ ಆಗುವುದಿಲ್ಲ, ಅದು ಜಾತಿ. ಬಂದರಿನ ಬ್ಯಾರಿ ಸಾಹುಕಾರರಿಗೆ ಬ್ರಾಂಡಿ ಆಗುವುದಿಲ್ಲ, ಅದು ಧರ್ಮ. ಮುದುಕರಿಗೆ ಸಕ್ಕರೆ ಆಗುವುದಿಲ್ಲ, ಅದು ಡಾಕ್ಟರ ಅಪ್ಪಣೆ. ಒಬ್ಬರನ್ನೊಬ್ಬರು ಕಂಡರೆ ಮುಖ ತಿರುಗಿಸುವ ನೆರೆಮನೆಯವರಿಗೂ ನಾವು ಅದನ್ನೇ ಹೇಳುತ್ತೇವೆ, ಅವರಿಗೂ ಇವರಿಗೂ ಆಗುವುದಿಲ್ಲ ಎಂದು. ಆ ಲೆಕ್ಕದಲ್ಲಿ ನನಗೂ ನನ್ನ ಅತ್ತೆಗೂ ಆಗುತ್ತಿರಲಿಲ್ಲ.

ಇದನ್ನೆಲ್ಲ ಈಗ ಬರೆಯಲು ಕಾರಣ ಒಬ್ಬಳು ಹುಡುಗಿ. ಪರಿಚಯದವರ ಮಗಳು, ಹೊಸದಾಗಿ ಮದುವೆಯಾದವಳು. ನನಗೆ ಬಂದ ಕಾಯಿಲೆಯೇ ಅವಳಿಗೂ ಬಂದಿದೆ. ನನ್ನ ಅಡುಗೆಮನೆಯಲ್ಲಿ ಕೂತು ಅವಳು ಅತ್ತದ್ದು ಹೊಟ್ಟೆನೋವಿಗಲ್ಲ, ಲೋಕದಲ್ಲಿ ತನಗೊಬ್ಬಳಿಗೇ ಹೀಗೆ ಎಂದು. "ನಿನಗೊಬ್ಬಳಿಗೇ ಅಲ್ಲ ಮಾರಾಯ್ತಿ" ಎಂದು ಹೇಳಿ ಕಳಿಸಿದೆ. ಆದರೆ ಅಷ್ಟು ಹೇಳಿದರೆ ಸಾಲದು ಎಂದು ಆಮೇಲೆ ಅನಿಸಿತು.

ನಾನು ಹೇಳುವುದು ಐವತ್ತರ ದಶಕದ ಕೊನೆ, ಅರವತ್ತರ ದಶಕದ ಆರಂಭದ ಮಾತು. ಬಲ್ಮಠದ ಏರಿನ ಬುಡದಲ್ಲಿ ನಮ್ಮ ಮನೆ. ನನ್ನ ಗಂಡ ಲಾದ್ರು ಹೆಂಚಿನ ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತರು. ಅವರ ತಾಯಿ ಕರ್ಮಿನ್‌ಬಾಯಿ ನಮ್ಮೊಂದಿಗೆ ಇದ್ದರು. ಕೊಂಕಣಿಯಲ್ಲಿ ಅತ್ತೆಯನ್ನು ನಾವು 'ಮಾಂಯ್' ಎಂದು ಕರೆಯುತ್ತೇವೆ. ಮನೆಯ ಮಾತೆಲ್ಲ ಕೊಂಕಣಿಯೇ. ಇಲ್ಲಿ ಅದನ್ನು ನಮ್ಮೂರ ಕನ್ನಡದಲ್ಲಿ ಬರೆದಿದ್ದೇನೆ. ಕೇಕು ಮಾಡುವುದನ್ನು ನಾನು ಕಲಿತದ್ದು ತಾಯಿಮನೆಯಲ್ಲಿ. ಓವನ್ನು ಗೀವನ್ನು ಇರಲಿಲ್ಲ. ದೊಡ್ಡ ತಾಮ್ರದ ಪಾತ್ರೆಯ ತಳದಲ್ಲಿ ಮರಳು ಹಾಸಿ, ಒಳಗೆ ಕೇಕಿನ ತಟ್ಟೆ ಇಟ್ಟು, ಕೆಳಗೂ ಮುಚ್ಚಳದ ಮೇಲೂ ತೆಂಗಿನ ಗೆರಟೆಯ ಕೆಂಡ ಹಾಕಿ ಬೇಯಿಸುವುದು. ಮೂಗಿನಿಂದಲೇ ಬೆಂದದ್ದು ಗೊತ್ತಾಗಬೇಕು. ಮುಚ್ಚಳ ತೆಗೆದು ಇಣುಕಿದರೆ ಕೇಕು ಕುಸಿಯಿತೆಂದೇ ಅರ್ಥ.

ಮೊದಮೊದಲು ಮೊಟ್ಟೆ ಆಗದವರಿಗೆಂದು ನಾನು ಒಂದು ಸಣ್ಣ ಕೇಕನ್ನು ಬೇರೆಯಾಗಿ ಮಾಡಿ ಕೊಡುತ್ತಿದ್ದೆ. ಹುಳಿ ಮೊಸರು, ಸೋಡಾಪುಡಿ, ತುಪ್ಪ ಹಾಕಿ ಮಾಡುವುದು. ಅದಕ್ಕೆ ಪಾತ್ರೆಯೂ ಸೌಟೂ ಬೇರೆ, ಮೊಟ್ಟೆ ಸೋಕಬಾರದು. ಬಹಳ ಮರ್ಯಾದೆಯ ಕೆಲಸ ಮಾಡುತ್ತಿದ್ದೇನೆ ಎಂದು ನನಗೆ ಒಳಗೊಳಗೆ ಹೆಮ್ಮೆ. ಒಂದು ಕ್ರಿಸ್ಮಸ್ಸಿಗೆ ಕಾರ್ಖಾನೆಯ ಮ್ಯಾನೇಜರರ ಮನೆಯ ಚಹಾಕೂಟಕ್ಕೆ ದೊಡ್ಡ ಕೇಕಿನೊಂದಿಗೆ ಇಂಥದ್ದೊಂದು ಸಣ್ಣ ಕೇಕನ್ನೂ ಒಯ್ದಿದ್ದೆ. ಬಂದರಿನ ಗುಜರಾತಿ ಸೇಟರ ಹೆಂಡತಿಗೆಂದು ಅದು. ಎಲ್ಲರೂ ದೊಡ್ಡ ಮೇಜಿನ ಸುತ್ತ ನಗಾಡುತ್ತ ತಿನ್ನುವಾಗ ಆ ಹೆಂಗಸಿಗೆ ಕಿಟಕಿಯ ಬಳಿ ಬೇರೆ ಸ್ಟೂಲು, ಬೇರೆ ತಟ್ಟೆ. ಅವಳು ನನ್ನನ್ನು ನೋಡಿ "ಬಹಳ ಚೆನ್ನಾಗಿದೆ" ಎಂದಳು. ಹಾಗೆ ಹೇಳುವಾಗಲೂ ಅವಳ ಕಣ್ಣು ದೊಡ್ಡ ಮೇಜಿನ ಕಡೆಗೇ ಇತ್ತು.

ಅದರ ಮುಂದಿನ ವರ್ಷದಿಂದ ಆ ಮನೆಗೆ ನಾನು ಒಂದೇ ಕೇಕು ಮಾಡಿದೆ, ಮೊಟ್ಟೆಯಿಲ್ಲದ್ದು, ಎಲ್ಲರಿಗೂ. ಮ್ಯಾನೇಜರರ ಹೆಂಡತಿಗೆ ಮಾತ್ರ ವಿಷಯ ಗೊತ್ತು. ಅತ್ತೆಗೆ ತಿಳಿದಾಗ ಅವರು ಹಣೆ ಬಡಿದುಕೊಂಡರು. "ಮೊಟ್ಟೆಯಿಲ್ಲದ ಕ್ರಿಸ್ಮಸ್ ಕೇಕಾ? ಇನ್ನು ಮೀನಿಲ್ಲದ ಮೀನುಸಾರು ಮಾಡು!" ಎಂದರು. ಹೋಗಲಿ ಬಿಡಿ, ತಿಂದವರು ಯಾರೂ ದೂರಲಿಲ್ಲ.

ಕಾಯಿಲೆ ಶುರುವಾದದ್ದು ಮಗಳು ಹಿಲ್ಡಾ ಹುಟ್ಟಿದ ಮೇಲೆ. ಬಾಣಂತಿಗೆ ಹೊಟ್ಟೆ ಕೆಡುವುದು ಹೊಸತೇನಲ್ಲ ಎಂದು ಮೊದಲು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆದರೆ ಮಗು ಅಂಬೆಗಾಲಿಟ್ಟಿತು, ನಡೆಯಿತು, ಓಡಿತು. ನನ್ನ ಹೊಟ್ಟೆ ಮಾತ್ರ ನಿಲ್ಲಲಿಲ್ಲ. ಹೇಳಲು ನಾಚಿಕೆಯಾಗುವ ಕಾಯಿಲೆ ಇದು, ಆದರೆ ನಾಚಿಕೊಂಡು ಬರೆದರೆ ಬರೆದು ಉಪಯೋಗವಿಲ್ಲ. ಯಾವ ಮನೆಗೆ ಹೋದರೂ ನಾನು ಮೊದಲು ನೋಡುತ್ತಿದ್ದದ್ದು ಕಕ್ಕಸು ಎಲ್ಲಿದೆ ಎಂದು. ಮದುವೆಮನೆಯಲ್ಲಿ ಹೂವು, ಸೀರೆ, ಮದುಮಗಳು ಯಾವುದೂ ಕಣ್ಣಿಗೆ ಬೀಳುತ್ತಿರಲಿಲ್ಲ. ಹಿತ್ತಿಲ ಬಾಗಿಲಿಗೆ ಎಷ್ಟು ದೂರ ಎಂಬುದೊಂದೇ ಚಿಂತೆ. ಕೈ ಕಡ್ಡಿಯಾಯಿತು, ಹೊಟ್ಟೆ ಉಬ್ಬಿತು, ನಾಲಿಗೆ ಕೆಂಪಗೆ ಹುಣ್ಣಾಯಿತು. ಬಲ್ಮಠದ ಏರನ್ನು ಒಂದೇ ಉಸಿರಿಗೆ ಹತ್ತುತ್ತಿದ್ದವಳು ನಡುನಡುವೆ ಯಾರದ್ದಾದರೂ ಕಂಪೌಂಡು ಗೋಡೆ ಹಿಡಿದು ನಿಲ್ಲತೊಡಗಿದೆ.

ಪಂಡಿತರು ಗ್ರಹಣಿ ಎಂದರು, ಮಜ್ಜಿಗೆಯ ಪಥ್ಯ ಹೇಳಿದರು. ಇನ್ನೊಬ್ಬರು ರಕ್ತವಿಲ್ಲ ಎಂದು ಸೂಜಿ ಚುಚ್ಚಿದರು. ನೆರೆಯ ಪದ್ಮಕ್ಕ ದಾಳಿಂಬೆ ಸಿಪ್ಪೆ ಕುದಿಸಿ ತಂದುಕೊಟ್ಟಳು. ಎಲ್ಲರೂ ಒಪ್ಪಿದ ಮಾತು ಒಂದೇ: ಕುಚ್ಚಲಕ್ಕಿ ಅನ್ನ ಇವಳಿಗೆ ಭಾರ, ಹಗುರವಾದದ್ದು ಕೊಡಿ. ನಮ್ಮಲ್ಲಿ ಹಗುರವೆಂದರೆ ಬ್ರೆಡ್ಡು, ಚಹಾದಲ್ಲಿ ಅದ್ದಿದ ರಸ್ಕು, ರವೆಯ ಗಂಜಿ. ಅತ್ತೆ ಪ್ರತಿ ಬೆಳಿಗ್ಗೆ ಬೇಕರಿಯಿಂದ ಬಿಸಿ ಬ್ರೆಡ್ಡು ತರಿಸಿ, ಅಂಚು ಕತ್ತರಿಸಿ, ಹಾಲಲ್ಲಿ ನೆನೆಸಿ ನನ್ನ ಮುಂದೆ ಇಡುತ್ತಿದ್ದರು. ಪ್ರೀತಿಯಿಂದ ಅಂತಲ್ಲ, ಕರ್ತವ್ಯದಿಂದ. ನಾನೂ ಕರ್ತವ್ಯದಿಂದ ತಿನ್ನುತ್ತಿದ್ದೆ. ತಿಂದಷ್ಟೂ ಇಳಿದೆ, ಇಳಿದಷ್ಟೂ ತಿನ್ನಿಸಿದರು.

ಆಮೇಲೆ ಯಾರೋ ಕ್ಷಯವಿರಬಹುದು ಎಂದರು. ಮರುದಿನ ನನ್ನ ಊಟದ ತಟ್ಟೆ ಬೇರೆಯಾಯಿತು, ಲೋಟ ಬೇರೆಯಾಯಿತು. ಹಿಲ್ಡಾಳ ಹಾಸಿಗೆ ಅತ್ತೆಯ ಕೋಣೆಗೆ ಹೋಯಿತು. "ಮಗುವಿಗೋಸ್ಕರ ಮಾಡಿದ್ದು, ಬೇಜಾರು ಮಾಡ್ಬೇಡ" ಎಂದರು ಅತ್ತೆ. ಅವರು ಹೇಳಿದ್ದು ಸರಿಯೇ ಇತ್ತು, ಅದಕ್ಕೇ ಹೆಚ್ಚು ನೋವಾಯಿತು. ಬೇರೆಯವರ ನೆಂಟರಿಗೆ ಬೇರೆ ಪಾತ್ರೆ ಇಟ್ಟುಕೊಂಡು ಮೆರೆದ ನನಗೆ ನನ್ನದೇ ಮನೆಯಲ್ಲಿ ಬೇರೆ ತಟ್ಟೆ. ಗೋಡೆಯ ಆಚೆಯಿಂದ ಮಗು "ಅಮ್ಮಾ" ಎಂದು ಕರೆದಾಗ ಎದ್ದು ಹೋಗಬಾರದು. ಸಾಯುತ್ತೇನೆ ಎಂದು ನಾನು ನಿಜವಾಗಿ ಹೆದರಿದ್ದು ಆ ದಿನಗಳಲ್ಲಿ.

ದೊಡ್ಡ ಆಸ್ಪತ್ರೆಗೆ ನನ್ನನ್ನು ಕರೆದುಕೊಂಡು ಹೋದವರು ಲಾದ್ರು. ಹೊರರೋಗಿಗಳ ಜಗುಲಿಯಲ್ಲಿ ಮರದ ಉದ್ದ ಬೆಂಚುಗಳು. ಜಾಗ ಸಿಕ್ಕಿದವರು ಅಲುಗುತ್ತಿರಲಿಲ್ಲ, ಎದ್ದರೆ ಜಾಗ ಹೋಯಿತು. ನಾನೋ, ಅರ್ಧ ಗಂಟೆಗೊಮ್ಮೆ ಏಳಲೇಬೇಕಾದವಳು. ಎರಡು ಸಲ ಎದ್ದು ಬಂದು ನಿಂತದ್ದನ್ನು ಮೂಲೆಯಲ್ಲಿ ಕೂತಿದ್ದ ಒಬ್ಬ ಬ್ಯಾರಿ ಹೆಂಗಸು ನೋಡಿದಳು. ತಾನು ಎದ್ದು, "ನೀವು ಇಲ್ಲಿ ಕೂತ್ಕೊಳ್ಳಿ. ಇಲ್ಲಿಂದ ಹತ್ತಿರ ಉಂಟು" ಎಂದು ಹಿಂದಿನ ಬಾಗಿಲನ್ನು ಕಣ್ಣಲ್ಲೇ ತೋರಿಸಿದಳು. ನಾನು ಎದ್ದು ಹೋದಾಗಲೆಲ್ಲ ಆ ಜಾಗದಲ್ಲಿ ತನ್ನ ಚೀಲ ಇಟ್ಟು ಕಾದಳು. ಅವಳ ಹೆಸರು ನನಗೆ ಗೊತ್ತಿಲ್ಲ. ಅವಳನ್ನು ನೆನೆದು ಎಷ್ಟೋ ಸಲ ಪ್ರಾರ್ಥಿಸಿದ್ದೇನೆ.

ಡಾಕ್ಟರು ಚಿಕ್ಕ ವಯಸ್ಸಿನವರು, ಆಗಷ್ಟೇ ವಿದೇಶದಲ್ಲಿ ಓದಿ ಬಂದವರು. ಎಕ್ಸ್‌ರೇ ತೆಗೆಸಿ, ಕ್ಷಯವಿಲ್ಲ ಎಂದರು. ಲಾದ್ರು ಅಲ್ಲೇ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು. ಇನ್ನಷ್ಟು ಪರೀಕ್ಷೆಗಳಾದ ಮೇಲೆ ಡಾಕ್ಟರು ಹೇಳಿದರು, "ಕೆಲವರಿಗೆ ಗೋಧಿ ಆಗುವುದಿಲ್ಲ. ಈಚೆಗೆ ಗೊತ್ತಾದ ವಿಷಯ. ನಿಮಗೆ ಅದೇ ಅಂತ ಖಂಡಿತ ಹೇಳ್ಲಿಕ್ಕೆ ನನಗೂ ಧೈರ್ಯ ಇಲ್ಲ. ಬಿಟ್ಟು ನೋಡುವ."

ಆಗುವುದಿಲ್ಲ! ನನ್ನದೇ ಮಾತನ್ನು ಇನ್ನೊಬ್ಬರು ನನಗೆ ಹೇಳಿದ್ದು ಅದೇ ಮೊದಲು. ನಾನು ಕೂಡಲೇ ಹೇಳಿದೆ, "ಡಾಕ್ಟ್ರೇ, ನಮ್ಮ ಮನೆಯಲ್ಲಿ ಗೋಧಿ ತಿನ್ನುವುದೇ ಇಲ್ಲ."

ಸುಳ್ಳಲ್ಲ. ನಮಗೆ ಗೋಧಿ ಎಂದರೆ ಚಪಾತಿ. ಅದು ಘಟ್ಟದ ಮೇಲಿನವರ, ಉತ್ತರದ ಕಡೆಯವರ ಊಟ. ಲಾದ್ರು ಕೂಡ ತಲೆಯಾಡಿಸಿದರು. ಡಾಕ್ಟರು ಸ್ವಲ್ಪ ಪೆಚ್ಚಾದರು. ಕೆಲವು ದಿನ ಆಸ್ಪತ್ರೆಯಲ್ಲೇ ಇರಿ ಎಂದರು. ಅತ್ತೆ ನನ್ನ ಮಂಚದ ಪಕ್ಕಕ್ಕೆ ತಂದಿಟ್ಟದ್ದು ಒಂದು ರಸ್ಕಿನ ಡಬ್ಬಿ.

ಎರಡನೆಯದೋ ಮೂರನೆಯದೋ ಬೆಳಿಗ್ಗೆ ಡಾಕ್ಟರು ಬಂದಾಗ ನಾನು ಚಹಾ ಕುಡಿಯುತ್ತಿದ್ದೆ.

"ಅದೆಂತದು?" ಎಂದರು.

"ರಸ್ಕು."

"ಎಂತದರಲ್ಲಿ ಮಾಡ್ತಾರೆ ಅದನ್ನು?"

"ಮೈದಾದಲ್ಲಿ."

"ಮೈದಾ ಎಂತದರಲ್ಲಿ ಮಾಡ್ತಾರೆ?"

ನಾನು ಕೈಯಲ್ಲಿದ್ದ ರಸ್ಕನ್ನು ಕೆಳಗಿಟ್ಟೆ. ಬಂದರಿನ ಗೋದಾಮಿನಿಂದ ಮೈದಾ ಮೂಟೆ ತರಿಸುವವಳು ನಾನು. ಒಳ್ಳೆಯದು ಯಾವುದು, ಹಳತು ಯಾವುದು ಎಂದು ಬೆರಳಿನಲ್ಲಿ ಉಜ್ಜಿ ಹೇಳುವವಳು. ಕೇಕಿನ ಅಂಚು ಕೆರೆದು ತಿಂದು, ಕಲಸಿದ ಹಿಟ್ಟನ್ನು ಬೆರಳಿನಿಂದ ನೆಕ್ಕಿ ರುಚಿ ನೋಡುವವಳು. ಮೈದಾ ಗೋಧಿಯಿಂದ ಆಗುತ್ತದೆ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಮೈದಾ ಎಂದರೆ ಮೈದಾ, ರವೆ ಎಂದರೆ ರವೆ, ಗೋಧಿ ಎಂದರೆ ಚಪಾತಿ. ಮೂರೂ ನನ್ನ ತಲೆಯಲ್ಲಿ ಬೇರೆಬೇರೆ ಡಬ್ಬಿಗಳಲ್ಲಿದ್ದವು. ಡಾಕ್ಟರು ರಸ್ಕಿನ ಡಬ್ಬಿಯನ್ನು ಎತ್ತಿ ದಾದಿಯ ಕೈಗೆ ಕೊಟ್ಟರು. ನಾನು ಮೊದಲು ನಕ್ಕೆ. ಆಮೇಲೆ ಅಳು ನಿಲ್ಲಿಸಲು ಆಗಲಿಲ್ಲ. ಮೂರು ವರ್ಷ ಆ ಹಗುರವಾದ ಊಟವೇ ನನ್ನನ್ನು ಕೊಲ್ಲುತ್ತಿತ್ತು.

ಅತ್ತೆಗೆ ಹೇಳಿದಾಗ ಅವರ ಮುಖ ಬಿಳಿಚಿತು. ಬ್ರೆಡ್ಡಿನ ಅಂಚು ಕತ್ತರಿಸಿ ಕೊಟ್ಟವರು ಅವರಲ್ಲವೇ? "ನನಗೆ ಹೇಗೆ ಗೊತ್ತಾಗ್ಬೇಕು?" ಎಂದರು, ಜಗಳಕ್ಕೆ ಬಂದವರ ಹಾಗೆ. ಅವರಿಗೆ ಗೊತ್ತಾಗಬೇಕಿತ್ತು ಎಂದು ಯಾರೂ ಹೇಳಿರಲಿಲ್ಲ.

ಕುಚ್ಚಲಕ್ಕಿ ಅನ್ನ, ಗಂಜಿ, ಮೀನು, ಅಕ್ಕಿರೊಟ್ಟಿ. ಭಾರ ಎಂದು ದೂರ ಮಾಡಿದ್ದೆಲ್ಲ ಮತ್ತೆ ಬಂತು. ಹೊಟ್ಟೆ ನಿಧಾನವಾಗಿ ಹದಕ್ಕೆ ಬಂತು. ಹಿಲ್ಡಾ ನನ್ನ ಹಾಸಿಗೆಗೆ ವಾಪಸು ಬಂದಳು. ಕೇಕಿನ ಕೆಲಸ ಬಿಡು ಎಂದರು ಲಾದ್ರು. ಬಿಟ್ಟು ನಾನು ಎಂತ ಮಾಡಲಿ? ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಹಿಟ್ಟು ಜರಡಿ ಹಿಡಿದೆ. ರುಚಿ ನೋಡುವುದು ಮಾತ್ರ ಸಾಧ್ಯವಿರಲಿಲ್ಲ. ತನ್ನ ಕೈಯ ಕೇಕಿನ ರುಚಿ ತನಗೇ ಗೊತ್ತಿಲ್ಲದೆ ಕೊಡುವುದು ದೊಡ್ಡ ಸಂಕಟ.

ಆಗ ಅತ್ತೆ ಬಂದು ನಿಂತರು. "ಕೊಡು ಇಲ್ಲಿ" ಎಂದು ಸೌಟಿನ ಅಂಚಿನಿಂದ ಒಂದು ಚೂರು ಬೆರಳಿಗೆ ತೆಗೆದುಕೊಂಡು ಬಾಯಿಗೆ ಹಾಕಿದರು. "ಉಪ್ಪು ಕಡಿಮೆ. ಜಾಯಿಕಾಯಿ ಜಾಸ್ತಿ. ನಿನ್ನ ತಾಯಿಮನೆಯವರಿಗೆ ಜಾಯಿಕಾಯಿ ಧರ್ಮಕ್ಕೆ ಸಿಗ್ತದಾ?" ಅಂದಿನಿಂದ ಅವರ ನಾಲಿಗೆಯೇ ನನ್ನ ನಾಲಿಗೆಯಾಯಿತು. ಹೊಗಳಿಕೆ ಆ ನಾಲಿಗೆಗೆ ಗೊತ್ತಿಲ್ಲ. ನನಗೆಂದು ಒಮ್ಮೆ ಅಕ್ಕಿಹಿಟ್ಟಿನ ಕೇಕು ಮಾಡಿದೆ. ಅದು ಕಲ್ಲಿನಂತಾಯಿತು. ಅತ್ತೆ ಅದನ್ನು ಮೇಜಿನ ಮೇಲೆ ಕುಟ್ಟಿ ನೋಡಿ, "ಲಾದ್ರು, ಇದನ್ನು ಕಾರ್ಖಾನೆಗೆ ತಕೊಂಡು ಹೋಗು. ಹೆಂಚಿನ ಬದಲು ಮಾಡಿಗೆ ಹೊದಿಸ್ಲಿಕ್ಕೆ ಆಗ್ತದೆ" ಎಂದರು. ಕಾಯಿಲೆ ಬಂದ ಮೇಲೆ ಆ ಮನೆಯಲ್ಲಿ ಮೂವರೂ ಒಟ್ಟಿಗೆ ನಕ್ಕದ್ದು ಆವತ್ತು. ಅಕ್ಕಿಯನ್ನು ನೆನೆಸಿ ನುಣ್ಣಗೆ ಅರೆದು, ತೆಂಗಿನಹಾಲು, ಮೊಟ್ಟೆಯ ನೊರೆ ಸೇರಿಸಿದಾಗ ಕೊನೆಗೂ ಕೇಕಿನಂಥದ್ದು ಬಂತು. ಅದಕ್ಕೆ ಅವರು ಹೇಳಿದ್ದು, "ತಿನ್ಬಹುದು." ಅಷ್ಟೇ.

ಕಥೆ ಅಲ್ಲಿಗೆ ಮುಗಿದಿದ್ದರೆ ಸುಖವಾಗಿತ್ತು.

ಮುಂದಿನ ವರ್ಷ ಈಸ್ಟರಿನ ಮುಂಚಿನ ಉಪವಾಸದ ದಿನಗಳಲ್ಲಿ, ಬದುಕಿ ಉಳಿದದ್ದಕ್ಕೆ ಹರಕೆಯಾಗಿ, ನಾನು ಪ್ರತಿದಿನ ಬೆಳಗಿನ ಪೂಜೆಗೆ ಇಗರ್ಜಿಗೆ ಹೋದೆ. ಅಷ್ಟರಲ್ಲಿ ಕಾಯಿಲೆ ಮರಳಿತು. ಅದೇ ಹೊಟ್ಟೆ, ಅದೇ ನಾಲಿಗೆ. ಒಂದು ದಿನ ಬಾವಿಕಟ್ಟೆಯ ಹತ್ತಿರ ಕೊಡ ಹಿಡಿದವಳು ಕಣ್ಣು ಕತ್ತಲಿಟ್ಟು ಬಿದ್ದೆ. ಹಿಲ್ಡಾ ನೋಡಿ ಕಿರುಚಿದಳು, ಅತ್ತೆ ಓಡಿ ಬಂದರು. ಡಾಕ್ಟರು ಹೇಳಿದರು, "ಎಲ್ಲಿಂದಲೋ ಗೋಧಿ ಹೊಟ್ಟೆಗೆ ಹೋಗ್ತಾ ಉಂಟು." ನಾನು ಮಗುವಿನ ಮೇಲೆ ಆಣೆ ಇಟ್ಟೆ. ಮನೆಗೆ ಬಂದ ಮೇಲೆ ಅತ್ತೆ ಬಿಸ್ಕತ್ತಿನ ಡಬ್ಬಿಗೆ ಬೀಗ ಹಾಕಿದರು. "ಆಸೆಯಾದರೆ ಹೇಳು, ಕದ್ದು ತಿನ್ಬೇಡ" ಎಂದರು. ಕಳ್ಳಿ ಎನಿಸಿಕೊಂಡದ್ದು ಹೊಟ್ಟೆನೋವಿಗಿಂತ ಕೆಟ್ಟದಾಗಿತ್ತು.

ಗೊತ್ತಾದದ್ದು ಒಂದು ಬೆಳಿಗ್ಗೆ, ಇಗರ್ಜಿಯಲ್ಲಿ. ಪೂಜೆಯ ಕೊನೆಯ ಭಾಗದಲ್ಲಿ ನಾವು ಪೀಠದ ಮುಂದಿನ ಕಟಕಟೆಗೆ ಹೋಗಿ ಮೊಣಕಾಲೂರುತ್ತೇವೆ. ಪಾದ್ರಿಗಳು ತೆಳುವಾದ ಬಿಳಿ ಓಸ್ತಿಯನ್ನು ನಾಲಿಗೆಯ ಮೇಲೆ ಇಡುತ್ತಾರೆ. ಅದು ಪರಮಪ್ರಸಾದ, ಸ್ವಾಮಿಯ ಶರೀರ. ಅಗಿಯಬಾರದು, ಕರಗಲು ಬಿಡಬೇಕು. ಆ ದಿನ ಅದು ಅಂಗುಳಕ್ಕೆ ಅಂಟಿಕೊಂಡಿತು. ಉಪವಾಸದ ಬಾಯಿಯಲ್ಲಿ ಕಬ್ಬಿಣದ ಮೇಲೆ ಹಿಟ್ಟು ಬೆಂದ ಸಣ್ಣ ಪರಿಮಳ. ನನ್ನ ಮೂಗು ಅದನ್ನು ಗುರುತಿಸಿತು. ಮನಸ್ಸು ಗುರುತಿಸಲು ಒಪ್ಪಲಿಲ್ಲ. ಅದನ್ನು ಗೋಧಿ ಎಂದು ಯೋಚಿಸುವುದೇ ಪಾಪವಲ್ಲವೇ? ಡಾಕ್ಟರ ಮುಂದೆ ಆಣೆ ಇಟ್ಟಾಗ ನನಗೆ ಅದು ನೆನಪಿಗೇ ಬಂದಿರಲಿಲ್ಲ. ನೆನಪಿಗೆ ಬಂದಿದ್ದರೂ ನಾನು ಅದನ್ನು ತಿಂಡಿಗಳ ಜೊತೆ ಹೇಳುತ್ತಿರಲಿಲ್ಲ.

ಮೊದಲು ಹೋದದ್ದು ಪಾಪನಿವೇದನೆಗೆ. ನಮ್ಮ ಪಾದ್ರಿಗಳು ವಯಸ್ಸಾದವರು, ಒಳ್ಳೆಯವರು. ಜಾಲರಿಯ ಆಚೆಯಿಂದ ನಿಟ್ಟುಸಿರು ಕೇಳಿತು. "ಮಗಳೇ, ಸ್ವಾಮಿಯ ಶರೀರದಿಂದ ಯಾರಿಗೂ ಕಾಯಿಲೆ ಬರುವುದಿಲ್ಲ. ನಂಬಿಕೆ ಇಟ್ಟು ತಗೋ" ಎಂದರು. ನಂಬಿಕೆ ಇಟ್ಟು ತೆಗೆದುಕೊಂಡೆ. ಇನ್ನೂ ಇಳಿದೆ. ನನ್ನ ನಂಬಿಕೆಯೇ ಕಡಿಮೆಯೋ ಏನೋ ಎಂದು ಅದೊಂದು ಹೊಸ ಹೆದರಿಕೆ ಸೇರಿಕೊಂಡಿತು.

ಕೊನೆಗೆ ಡಾಕ್ಟರಿಗೆ ಹೇಳಿದೆ. ಅವರು ಹಿಂದೂಗಳು, ಶ್ರದ್ಧೆಯಿಂದಲೇ ಕೇಳಿಸಿಕೊಂಡರು.

"ಪ್ರಸಾದ ಅಲ್ಲವಾ? ಅದಕ್ಕೆಂತ, ಸಕ್ಕರೆ ಕಾಯಿಲೆಯವರಿಗೆ ನಾನು ಹೇಳುವುದುಂಟು. ಪಂಚಕಜ್ಜಾಯ ಕೊಟ್ಟರೆ ಕಣ್ಣಿಗೆ ಒತ್ತಿಕೊಂಡು ಬೇರೆಯವರಿಗೆ ಕೊಟ್ಟುಬಿಡಿ ಅಂತ. ನೀವೂ ಹಾಗೆ ಮಾಡಿ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಣ್ಣಿಗೆ ಒತ್ತಿಕೊಳ್ಳುವುದೇ! ಆ ಕಾಲದಲ್ಲಿ ಓಸ್ತಿಯನ್ನು ಕೈಯಿಂದ ಮುಟ್ಟಬಾರದು, ಹಲ್ಲು ತಾಗಿಸಬಾರದು. ಬಾಯಿಂದ ಹೊರಗೆ ತೆಗೆದರೆ ಘೋರ ಪಾಪ. "ನಮ್ಮಲ್ಲಿ ಹಾಗೆ ಆಗುವುದಿಲ್ಲ ಡಾಕ್ಟ್ರೇ" ಎಂದೆ.

ಅವರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. "ಹಾಗಾದರೆ ತಗೊಳ್ಳಬೇಡಿ. ನಿಮ್ಮ ದೇವರ ಹತ್ತಿರ ನಾನು ಬೇಕಾದರೆ ಮಾತಾಡ್ತೇನೆ" ಎಂದರು. ಪಾಪ, ತಮಾಷೆಗೆ ಹೇಳಿದ್ದು. ನಾನು ಎಷ್ಟೋ ದಿನ ಆ ಮಾತನ್ನು ಹಿಡಿದುಕೊಂಡು ನಿದ್ದೆ ಮಾಡಿದ್ದೇನೆ.

ಭಾನುವಾರ ಇಗರ್ಜಿಯಲ್ಲಿ ಪ್ರಸಾದದ ಹೊತ್ತಿಗೆ ಬೆಂಚಿಗೆ ಬೆಂಚೇ ಎದ್ದು ಹೋಗುತ್ತದೆ. ಒಬ್ಬಳು ಕೂತೇ ಇದ್ದರೆ ಊರಿಗೆಲ್ಲ ಅರ್ಥ ಒಂದೇ: ಇವಳ ಮೇಲೆ ಆತ್ಮವನ್ನೇ ಕೊಲ್ಲುವಂಥ ಮಹಾಪಾಪವಿದೆ, ನಿವೇದಿಸಲು ಮನಸ್ಸಿಲ್ಲ. ಒಂದು ಭಾನುವಾರವಾದರೆ ತಲೆನೋವು ಎಂದುಕೊಂಡಾರು. ವಾರ ವಾರವೂ ಕೂತರೆ? ಎಲ್ಲರ ಸೀರೆಯ ಸೆರಗು ನನ್ನ ಮೊಣಕಾಲಿಗೆ ತಾಗಿಕೊಂಡು ದಾಟಿ ಹೋಗುತ್ತಿತ್ತು. ನಾನು ತಲೆ ತಗ್ಗಿಸಿ ಕೂತಿರುತ್ತಿದ್ದೆ, ಖಾಲಿ ಬೆಂಚಿನಲ್ಲಿ ಒಬ್ಬಳೇ. ಕಾಯಿಲೆಯಿಂದಾಗಿ ಹೀಗೆ ಎಂದು ಹೇಳಿದರೆ ಯಾರು ನಂಬುತ್ತಾರೆ? "ಪ್ರಸಾದ ಹೊಟ್ಟೆಗೆ ಆಗುವುದಿಲ್ಲವಂತೆ" ಎಂದು ಒಬ್ಬಿಬ್ಬರಿಗೆ ಹೇಳಿದೆ. ಅವರು ಶಿಲುಬೆಯ ಗುರುತು ಹಾಕಿಕೊಂಡರು. ದೆವ್ವ ಹಿಡಿದವರಿಗೆ ಪ್ರಸಾದ ಆಗುವುದಿಲ್ಲ ಎಂದು ನಮ್ಮವರಲ್ಲಿ ಒಂದು ಮಾತು ಬೇರೆ ಇದೆ.

ಕೇಕಿಗೆ ಹೇಳಿದವರು ಒಬ್ಬೊಬ್ಬರೇ ಬೇಡವೆಂದರು. ಮೊಟ್ಟೆ ಆಗದವರು, ಬ್ರಾಂಡಿ ಆಗದವರು ಬಿಡಲಿಲ್ಲ, ಬಿಟ್ಟವರು ನಮ್ಮವರೇ. ಆಗ್ನೆಸ್‌ಬಾಯಿ ಎಂಬವರು, ನಮ್ಮ ಬೆಂಚಿನ ಹಿಂದೆಯೇ ಕೂರುವವರು, ಮಗಳ ಮದುವೆಯ ಕೇಕನ್ನು ನನಗೆ ಹೇಳಿದ್ದರು. ಒಂದು ಸಂಜೆ ಬಂದು, ನೆಲ ನೋಡುತ್ತ, "ಬೇರೆ ಕಡೆ ಹೇಳಿ ಆಯ್ತು. ಮದುವೆ ಕೇಕು ಅಲ್ಲವಾ, ಕೈ ಶುದ್ಧ ಇರ್ಬೇಕು" ಎಂದರು. ಅತ್ತೆ ಬಾಗಿಲ ಹಿಂದೆಯೇ ನಿಂತು ಕೇಳಿಸಿಕೊಂಡರು. ಅವರು ಏನಾದರೂ ಹೇಳುತ್ತಾರೆ ಎಂದು ಕಾದೆ. ಹೇಳಲಿಲ್ಲ. ಅವರದ್ದೂ ಒಂದು ಕಷ್ಟವಿತ್ತು. ನೀಲಿ ರಿಬ್ಬನಿನ ಪದಕ ಹಾಕಿಕೊಂಡು ಇಗರ್ಜಿಯ ಹೆಂಗಸರ ಸಂಘದ ಮುಂದಾಳಾಗಿ ಮೊದಲು ಕಟಕಟೆಗೆ ಹೋಗುತ್ತಿದ್ದವರು ಅವರು. ಅವರ ಮನೆಯಲ್ಲೇ ಇಂಥ ಸೊಸೆ.

ನನ್ನ ಕಥೆ ಓದುತ್ತಿರುವ ಆ ಹುಡುಗಿ ಗಾಬರಿಯಾಗಬಾರದು. ಕೆಲವು ವರ್ಷಗಳ ಮೇಲೆ ಪೂಜೆಯ ಕ್ರಮಗಳೆಲ್ಲ ಬದಲಾಗಿ, ಹೊಸ ಪಾದ್ರಿಗಳು ಬಂದರು. ಅವರು ಡಾಕ್ಟರೊಡನೆ ಮಾತಾಡಿ, ಎಳ್ಳಿನಷ್ಟು ತುಣುಕು ಮುರಿದು ವರ್ಷಕ್ಕೆ ಒಂದೋ ಎರಡೋ ಸಲ ನನ್ನ ನಾಲಿಗೆಯ ಮೇಲಿಟ್ಟರು. ಎಳ್ಳಿನಷ್ಟರಲ್ಲೂ ಸ್ವಾಮಿ ಪೂರ್ತಿ ಇದ್ದಾರೆ ಎಂದರು. ಅದರಿಂದ ನನಗೆ ಏನೂ ಆಗಲಿಲ್ಲ. ಆದರೆ ಅದು ಆಮೇಲಿನ ಮಾತು. ನಾನು ಹೇಳಬೇಕಾದದ್ದು ಅದಕ್ಕೂ ಮುಂಚಿನ ಒಂದು ಈಸ್ಟರ್.

ಈಸ್ಟರಿನ ಕಾಲದಲ್ಲಿ ಪ್ರಸಾದ ತೆಗೆದುಕೊಳ್ಳುವುದು ಕಡ್ಡಾಯ. ಆಗಲೂ ತೆಗೆದುಕೊಳ್ಳದವರು ಸಭೆಗೆ ಹೊರಗಿನವರಿದ್ದಂತೆ. ಹಿಂದಿನ ದಿನ ಅತ್ತೆ ಅಡುಗೆಮನೆಗೆ ಬಂದರು.

"ನಾಳೆ ಒಂದು ದಿನ ತಗೋ ಸಿಸಿಲಿ. ಒಂದು ದಿನ ಹೊಟ್ಟೆ ಕೆಟ್ಟರೆ ಎಂತ ಆಗ್ತದೆ?"

ನನಗೆ ತಡೆಯಲಾಗಲಿಲ್ಲ. "ಬಾವಿಕಟ್ಟೆಯಲ್ಲಿ ಬಿದ್ದದ್ದು ನೀವು ನೋಡಿದ್ದೀರಿ ಮಾಂಯ್. ನನಗೆ ಸಾಯ್ಲಿಕ್ಕೆ ಹೆದರಿಕೆ. ಹಿಲ್ಡಾ ಇನ್ನೂ ಸಣ್ಣವಳು. ಒಂದು ದಿನ ತಗೊಂಡರೆ ಪ್ರತಿ ವಾರ ತಗೊಳ್ಳಿ ಅಂತೀರಿ. ನಾನು ನಾಳೆ ಇಗರ್ಜಿಗೇ ಬರುವುದಿಲ್ಲ. ಹುಷಾರಿಲ್ಲ ಅಂತ ಹೇಳಿ" ಎಂದು ಅಳುತ್ತ ಹೇಳಿದೆ.

ಅವರು ಒಲೆಯ ಕೆಂಡವನ್ನು ಸುಮ್ಮನೆ ಕೆದಕಿದರು. "ಬರ್ಬೇಕು. ಮನೆಯಲ್ಲಿ ಕೂತರೆ ಅವರು ಹೇಳಿದ್ದು ನಿಜ ಅಂತ ಆಗ್ತದೆ" ಎಂದರು.

ನನ್ನನ್ನು ಕಟಕಟೆಗೆ ದೂಡಿಯೇ ದೂಡುತ್ತಾರೆ ಎಂದುಕೊಂಡೆ. ಅವರ ಬಗ್ಗೆ ಆ ಹೊತ್ತು ನನಗಿದ್ದದ್ದು ಸಿಟ್ಟೊಂದೇ.

ಇಗರ್ಜಿ ತುಂಬಿತ್ತು. ಲಾದ್ರು ಗಂಡಸರ ಕಡೆ. ಅತ್ತೆ ಸಂಘದ ಹೆಂಗಸರ ಮುಂದಿನ ಸಾಲಿಗೆ ಹೋಗಲಿಲ್ಲ. ನನ್ನನ್ನೂ ಹಿಲ್ಡಾಳನ್ನೂ ಒಳಗೆ ಸರಿಸಿ ನಮ್ಮ ಬೆಂಚಿನ ತುದಿಯಲ್ಲಿ, ನಡುದಾರಿಯ ಪಕ್ಕದಲ್ಲೇ ಕೂತರು. ನೀಲಿ ರಿಬ್ಬನು ಕೊರಳಲ್ಲಿತ್ತು. ಪ್ರಸಾದದ ಗಂಟೆಯಾಯಿತು. ಮುಂದಿನ ಬೆಂಚುಗಳು ಎದ್ದವು. ನಮ್ಮ ಬೆಂಚಿನ ಸರದಿ ಬಂತು, ನನ್ನಿಂದಾಚೆ ಕೂತವರೆಲ್ಲ ಎದ್ದು ನಿಂತರು. ಅತ್ತೆ ಏಳಲಿಲ್ಲ. ಅವರು ಎದ್ದು ದಾರಿ ಬಿಡದೆ ಯಾರೂ ಹೊರಗೆ ಹೋಗುವಂತಿರಲಿಲ್ಲ. ಹೆಂಗಸರು ಕಾದರು, ಕೆಮ್ಮಿದರು, ಆಮೇಲೆ ಒಬ್ಬೊಬ್ಬರಾಗಿ ಅವರ ಮೊಣಕಾಲನ್ನು ಕಷ್ಟಪಟ್ಟು ದಾಟಿ ಹೋದರು. ಹಿಂದಿನ ಬೆಂಚಿನಿಂದ ಆಗ್ನೆಸ್‌ಬಾಯಿ ಬಗ್ಗಿ ಪಿಸುಗುಟ್ಟಿದರು, "ಎಂತ ಕರ್ಮಿನ್‌ಬಾಯಿ, ಹುಷಾರಿಲ್ಲವಾ?"

ಅತ್ತೆಗೆ ಪಿಸುಗುಟ್ಟುವುದು ಯಾವತ್ತೂ ಬರುತ್ತಿರಲಿಲ್ಲ.

"ನನಗೆ ಹುಷಾರುಂಟು. ನನ್ನ ಸೊಸೆಗೆ ಹುಷಾರಿಲ್ಲ. ಅವಳು ಎಲ್ಲಿವರೆಗೆ ಕೂರ್ತಾಳೋ ಅಲ್ಲಿವರೆಗೆ ನಾನೂ ಕೂರ್ತೇನೆ."

ನಾಲ್ಕು ಬೆಂಚಿಗೆ ಕೇಳಿಸಿರಬೇಕು. ನಾನು ಅವರ ಮುಖ ನೋಡಿದೆ. ಅವರು ನೇರ ಪೀಠದ ಕಡೆಗೆ ನೋಡುತ್ತಿದ್ದರು. ಪ್ರಸಾದವಿಲ್ಲದೆ ಒಂದು ಭಾನುವಾರವನ್ನೂ ಕಳೆದವರಲ್ಲ ಅವರು. ಅದು ಅವರಿಗೆ ಎಷ್ಟು ಕಷ್ಟವಾಗಿತ್ತೆಂದು ನನಗೆ ಗೊತ್ತು, ಯಾಕೆಂದರೆ ನನಗೂ ಅಷ್ಟೇ ಕಷ್ಟವಾಗುತ್ತಿತ್ತು.

ಮಾರನೆಯ ದಿನ ಬೆಳಗಿನ ಪೂಜೆಗೆ ಒಬ್ಬರೇ ಹೋಗಿ 'ಕಡ್ಡಾಯದ ಪ್ರಸಾದ ಈಸ್ಟರಿನ ದಿನವೇ ಆಗ್ಬೇಕೆಂದಿಲ್ಲ, ಮುಂದೆಯೂ ವಾರಗಳುಂಟಲ್ಲ' ಎಂದು ತಮ್ಮದನ್ನು ತೆಗೆದುಕೊಂಡು ಬಂದರು. ಸ್ವಾಮಿಯೊಡನೆ ಅವರ ಲೆಕ್ಕಾಚಾರ ಅವರದ್ದು. ಭಾನುವಾರ ಮಾತ್ರ, ಎಲ್ಲರೂ ನೋಡುವ ಪೂಜೆಯಲ್ಲಿ, ನನ್ನ ಪಕ್ಕದಲ್ಲಿ ಕೂತೇ ಇದ್ದರು. ಮುಂದಿನ ಭಾನುವಾರವೂ, ಅದರ ಮುಂದಿನ ಭಾನುವಾರವೂ. ನನ್ನ ಪಾಪ ಯಾವುದಿರಬಹುದು ಎಂದು ಹುಡುಕುತ್ತಿದ್ದವರಿಗೆಲ್ಲ ಈಗ ಕರ್ಮಿನ್‌ಬಾಯಿಯ ಪಾಪವನ್ನೂ ಹುಡುಕಬೇಕಾಯಿತು. ಬಹಳ ದಿನ ಹುಡುಕಿದರು. ಅವರಿಗೆ ಸಿಗಲಿಲ್ಲ.